ತೊಗಲ ಶೆಡ್ಡಿನ ನಾಟಕ

ಭರಮು ಹೋನಕಾಂಬಳೆ ರಶಿಯಾ ನೋಡಿ ಬಂದವನು ಎಂಬ ಮಾತನ್ನು ಅವನ ಊರಲ್ಲಿ ಮೊದಮೊದಲು ಯಾರೂ ನಂಬಲಿಲ್ಲ. ಅಥಣಿ ತಾಲೂಕಿನ ಊರು ಅದು. ಸತ್ತಿ ಎಂಬ ಊರಿನಿಂದ ಒಂದಿಷ್ಟು ಮೇಲಕ್ಕೆ, ಕೃಷ್ಣೆಯ ದಂಡೆಗೆ ಒತ್ತಿಕೊಂಡು ಕೂತಿದೆ. ಅಲ್ಲಿಂದ ಅದುವರೆಗೆ ಅತಿ ದೂರ ಹೋದವರೆಂದರೆ ಮುಂಬೈ ಗಿರಣಿಗೆ ಹೋಗಿ, ಗಿರಣಿ ಮುಚ್ಚಿದ ಮೇಲೆ ಬರಿಗೈಲಿ ತಿರುಗಿ ಬಂದ ಇಬ್ಬರು ಅಣ್ಣತಮ್ಮಂದಿರು. ಅಂಥದರಲ್ಲಿ ಕೇರಿಯಲ್ಲಿ ಹಲಗಿ ಬಾರಿಸುವವನು, ತೊಗಲು ಹದ ಮಾಡುವ ತುಕಾರಾಮನ ಮಗ, ವಿಮಾನ ಹತ್ತಿ ಹೋಗಿ ಬಂದನೆಂದರೆ ಯಾರು ನಂಬಿಯಾರು? "ಮೀರಜ ಸ್ಟೇಶನ್ ನೋಡಿ ಬಂದು ರಶಿಯಾ ಅನ್ನಾಕತ್ತಾನ" ಎಂದು ನಕ್ಕರು. ನಗುನಗುತ್ತಲೇ ರಶಿಯಾ ಭರಮು ಎಂದು ಹೆಸರಿಟ್ಟರು. ನಗು ಮುಗಿದರೂ ಹೆಸರು ಉಳಿಯಿತು.

ಹೋದದ್ದಂತೂ ನಿಜ. ೧೯೮೭ರಲ್ಲಿ ಸೋವಿಯತ್ ದೇಶದಲ್ಲಿ ಭಾರತದ ಉತ್ಸವ ನಡೆದಾಗ ಬೇರೆಬೇರೆ ಕಡೆಯ ಜನಪದ ಮೇಳಗಳನ್ನು ಕಳಿಸಿದರು. ಮುಗಳಖೋಡದ ಮಾಸ್ತರರೊಬ್ಬರು ಕಟ್ಟಿದ ಮೇಳದಲ್ಲಿ ಹಲಗಿಯವನು ಹೊರಡುವ ಮುಂದೆ ಕಾಲು ಮುರಿದುಕೊಂಡ. ಬದಲಿಗೆ ಭರಮುನನ್ನು ಕರೆದುಕೊಂಡರು. ಆಗ ಅವನಿಗೆ ಇಪ್ಪತ್ಮೂರು. ಏಳನೆಯ ಇಯತ್ತೆ ಓದಿದ್ದ, ಮರಾಠಿ ಚೆನ್ನಾಗಿ ಬರುತ್ತಿತ್ತು, ಹಿಂದಿ ಅರ್ಧಮರ್ಧ.

ಎರಡು ತಿಂಗಳ ತಿರುಗಾಟದಲ್ಲಿ ಅವನ ಮನಸ್ಸಿನಲ್ಲಿ ಕಚ್ಚಿಕೊಂಡು ಕೂತದ್ದು ಒಂದೇ ಊರು, ಯಾರೊಸ್ಲಾವ್ಲ್. ವೋಲ್ಗಾ ಎಂಬ ದೊಡ್ಡ ಹೊಳೆಯ ದಂಡೆಯ ಊರು. ಅಲ್ಲಿಯ ಬಿಳಿ ಕಂಬಗಳ ನಾಟಕಮಂದಿರದಲ್ಲಿ ಒಂದು ಸಂಜೆ ಇವರ ಕಾರ್ಯಕ್ರಮವಿತ್ತು. ಹೊರಗೆ ಮೈ ಕೊರೆಯುವ ಚಳಿ, ತಂಡಿಗೆ ಹಲಗಿ ಸಡಿಲಾಗಿ ದಬದಬ ಎನ್ನತೊಡಗಿತ್ತು. ನಮ್ಮ ಕಡೆ ಆಗಿದ್ದರೆ ನಾಲ್ಕು ಕಡ್ಡಿ ಕೂಡಿಸಿ, ಬೆಂಕಿ ಹಚ್ಚಿ, ಕಾಯಿಸಿಕೊಳ್ಳಬಹುದಿತ್ತು. ಕಾಲಿಟ್ಟರೆ ಮುಖ ಕಾಣುವಂಥ ನೆಲದ ಆ ಮಂದಿರದಲ್ಲಿ ಬೆಂಕಿ ಎಲ್ಲಿಯದು? ಹಲಗಿ ಹಿಡಿದು ಅಲೆಯುತ್ತಿದ್ದವನನ್ನು, ಬಂದವರ ಕೋಟು ಇಸಿದುಕೊಂಡು ಗೂಟಕ್ಕೆ ಹಾಕುವ ಒಬ್ಬ ಮುದುಕಿ ಕಂಡು ಕೈ ಮಾಡಿ ಕರೆದಳು. ಗೋಡೆಗೆ ಹಚ್ಚಿದ ಬಿಸಿನೀರಿನ ಕಬ್ಬಿಣದ ಪೈಪುಗಳ ಮೇಲೆ ತನ್ನ ಶಾಲು ಹಾಸಿ, ಅದರ ಮೇಲೆ ಹಲಗಿ ಇಡಿಸಿದಳು. ಕಾಯುವವರೆಗೆ ಸುಮ್ಮನಿರಲಾರದೆ ಬೆರಳಿಂದ ಅದರ ತೊಗಲು ಸವರಿ ಏನೋ ಕೇಳಿದಳು. ಹಿಂದಿ ಬಲ್ಲ ದುಭಾಷಿ ಹುಡುಗಿಯೊಬ್ಬಳು ಅಲ್ಲೇ ಇದ್ದಳು. "ಯಾರು ಹದ ಮಾಡಿದ್ದು ಅಂತ ಕೇಳುತ್ತಿದ್ದಾಳೆ" ಎಂದಳು.

"ನಮ್ಮಪ್ಪ," ಎಂದ ಭರಮು. "ನಾವು ತೊಗಲಿನ ಮಂದಿ."

ಊರಲ್ಲಿ ಈ ಮಾತು ಹೇಳುವಾಗ ತಲೆ ತಾನಾಗಿ ತಗ್ಗುತ್ತಿತ್ತು. ಅಲ್ಲಿಯೂ ತಗ್ಗಿತು. ಮುದುಕಿ ಮಾತ್ರ ಕಣ್ಣರಳಿಸಿ, ಅವನ ಕೈ ಹಿಡಿದು ದರದರ ಎಳೆದುಕೊಂಡು ಹೋಗಿ, ಖಾಲಿ ರಂಗದ ನಟ್ಟನಡುವೆ ನಿಲ್ಲಿಸಿದಳು. ಅಲ್ಲಿ ನಿಂತು ಅವಳು ಹೇಳಿದ್ದನ್ನು ದುಭಾಷಿ ಹುಡುಗಿ ತುಂಡುತುಂಡಾಗಿ ಹಿಂದಿಗೆ ತಂದಳು. ಈ ಮಂದಿರ ಹುಟ್ಟಿದ್ದು ಅರಮನೆಯಲ್ಲಿ ಅಲ್ಲ, ತೊಗಲು ತುಂಬುವ ಕೊಟ್ಟಿಗೆಯಲ್ಲಿ. ಇನ್ನೂರು ಚಿಲ್ಲರೆ ವರ್ಷಗಳ ಹಿಂದೆ ಫ್ಯೋದೊರ್ ವೋಲ್ಕೋವ್ ಎಂಬ ವ್ಯಾಪಾರಿ ಮನೆಯ ತರುಣನಿದ್ದ. ಮಲತಂದೆಯ ಮನೆಯಲ್ಲಿ ಬೆಳೆದವನು. ವ್ಯಾಪಾರ ಕಲಿಯಲೆಂದು ರಾಜಧಾನಿಗೆ ಹೋದವನು ಅಲ್ಲಿ ನಾಟಕ ನೋಡಿ ಮನಸ್ಸು ಕಳೆದುಕೊಂಡು ಬಂದ. ಅಣ್ಣತಮ್ಮಂದಿರನ್ನೂ ಗೆಳೆಯರನ್ನೂ ಕೂಡಿಸಿ, ತೊಗಲಿನ ಕೊಟ್ಟಿಗೆ ಬಳಿದು ಸಾರಿಸಿ, ಅಲ್ಲಿ ಆಟ ಆಡಿದ. ಊರು ಮುಕುರಿಕೊಂಡು ನೋಡಿತು. ಆಮೇಲೆ ಹೊಳೆ ದಂಡೆಯಲ್ಲಿ ಕಟ್ಟಿಗೆಯ ಮಂದಿರ ಎದ್ದಿತು. ಸುದ್ದಿ ರಾಣಿಗೆ ಮುಟ್ಟಿ, ನಡುಚಳಿಗಾಲದಲ್ಲಿ ಕರೆ ಬಂತು; ಮಂಜಿನ ಮೇಲೆ ಜಾರುವ ಬಂಡಿಗಳಲ್ಲಿ ಮೇಳವೆಲ್ಲ ರಾಜಧಾನಿಗೆ ಹೋಯಿತು. ರಶಿಯಾದ ನಾಟಕಕ್ಕೆ ತಂದೆ ಎನಿಸಿಕೊಂಡವನು ಮೂವತ್ತನಾಲ್ಕಕ್ಕೇ ಹೋಗಿಬಿಟ್ಟ. ದೊಡ್ಡದೊಂದು ಮೆರವಣಿಗೆ ನಡೆಸಲು ಕೊರೆಯುವ ಚಳಿಯಲ್ಲಿ ಕುದುರೆ ಮೇಲೆ ತಿರುಗಿ, ತಂಡಿ ಹತ್ತಿ, ಸತ್ತ. ಎಲ್ಲಿ ಹೂಳಿದರೆಂದು ಯಾರೂ ಗಟ್ಟಿಯಾಗಿ ಹೇಳಲಾರರು. ಅವನ ಊರಿನ ಮಂದಿರ ಮಾತ್ರ ಮತ್ತೆಮತ್ತೆ ಎದ್ದು, ಕೊನೆಗೆ ಈ ಬಿಳಿ ಕಂಬಗಳಲ್ಲಿ ನಿಂತು, ಅವನದೇ ಹೆಸರು ಹೊತ್ತಿದೆ.

"ನಿನ್ನ ತಂದೆಯ ಕೆಲಸದ ಮನೆಯಲ್ಲೇ ನಮ್ಮ ನಾಟಕ ಹುಟ್ಟಿತು ಅಂತ ಅವರಿಗೆ ಹೇಳು ಅನ್ನುತ್ತಾಳೆ," ಎಂದು ದುಭಾಷಿ ಹುಡುಗಿ ಮಾತು ಮುಗಿಸಿದಳು.

ಊರಿಗೆ ಬಂದು ಭರಮು ಅದನ್ನೆಲ್ಲ ಅಪ್ಪನಿಗೆ ಹೇಳಿದ. ತುಕಾರಾಮ ಮಾತಿನ ಮನುಷ್ಯನಲ್ಲ. ಊರವರು ಎದುರಿಗೇ ತುಕ್ಯಾ ಎಂದರೂ ಹೂಂಗುಟ್ಟಿ, ಸತ್ತ ದನದ ತೊಗಲು ಹೊತ್ತು ತಂದು, ಸುಣ್ಣದ ಗುಂಡಿಯಲ್ಲಿ ನೆನೆಹಾಕಿ, ಜಾಲಿ ತೊಗಟೆಯ ನೀರಲ್ಲಿ ಹದ ಮಾಡಿ, ಅಥಣಿಯ ಚಪ್ಪಲಿಯವರಿಗೆ ಕೊಡುವುದರಲ್ಲೇ ಜನ್ಮ ಕಳೆದವನು. ಮಗ ಹೇಳಿದ್ದನ್ನೆಲ್ಲ ಕೇಳಿ, ಬಹಳ ಹೊತ್ತು ಕೈಬೆರಳಿನ ಉಗುರು ನೋಡಿಕೊಂಡು ಕೂತಿದ್ದ. ಆಮೇಲೆ ಕೇಳಿದ:

"ಅವರ ಕೊಟ್ಟಿಗ್ಯಾಗೂ ವಾಸನಿ ಬರ್ತಿತ್ತೇನ?"

"ಬಂದ ಬಂದಿರತೈತಿ ಅಪ್ಪಾ. ತೊಗಲ ಎಲ್ಲಿದ್ರೂ ತೊಗಲ."

ಮರುದಿನ ಭರಮು ಎದ್ದು ನೋಡಿದರೆ, ಹೊಳೆಗಡೆಯ ತೊಗಲ ಶೆಡ್ಡಿನಲ್ಲಿ ಮುದುಕ ನಾಲ್ಕು ಗುಂಡಿಗಳಲ್ಲಿ ಕೊನೆಯದನ್ನು ಬರಿದು ಮಾಡಿ, ಅದರ ಮೇಲೆ ಹಲಗೆ ಹಾಸುತ್ತಿದ್ದ.

ಆದರೂ ನಾಟಕ ಆಗಲು ಮತ್ತೆ ಮೂರು ವರ್ಷ ಹಿಡಿಯಿತು. ಆಗಲಿಕ್ಕೆ ಸುಗಂಧಾ ಬರಬೇಕಾಯಿತು.

ಸುಗಂಧಾ ನಿಪ್ಪಾಣಿಯವಳು. ತಾಯಿ ಬೀಡಿ ಕಟ್ಟುತ್ತಿದ್ದಳು. ತಂದೆ ತಂಬಾಕಿನ ವಖಾರಿಯಲ್ಲಿ ಚೀಲ ಹೊರುತ್ತಿದ್ದ. ಮನೆಯ ಮಾತು ಮರಾಠಿ. ಮದುವೆಯಾಗಿ ಬಂದಾಗ ಕನ್ನಡದಲ್ಲಿ ನೀರು, ಉಪ್ಪು, ಬಾ, ಹೋಗು ಇಷ್ಟೇ ಬರುತ್ತಿತ್ತು. ಅಕ್ಷರ ಕಲಿತವಳಲ್ಲ. ಆದರೆ ಹತ್ತಾರು ಹೆಂಗಸರು ಕೂತು ಬೀಡಿ ಕಟ್ಟುವಲ್ಲಿ ಒಬ್ಬಳು ಕತೆ ಹೇಳುವುದು, ಉಳಿದವರು ಕೇಳುತ್ತ ಕೈ ಆಡಿಸುವುದು ರೂಢಿ. ಆ ಕತೆಗಳ ನಡುವೆ ಬೆಳೆದ ಸುಗಂಧಾಳಿಗೆ ಒಮ್ಮೆ ಕಿವಿಗೆ ಬಿದ್ದದ್ದು ಮರೆಯುತ್ತಿರಲಿಲ್ಲ. ಗಂಡ ತೊಗಲಿನ ಪಟ್ಟಿ ಕತ್ತರಿಸುತ್ತ ರಶಿಯಾದ ಸಂಗತಿ ಹೇಳುತ್ತಿದ್ದ. ಅವಳು ಚಪ್ಪಲಿಯ ಮೇಲಿನ ಏಳೆಳೆಯ ಹೆಣಿಕೆ ಹೆಣೆಯುತ್ತ ಕೇಳುತ್ತಿದ್ದಳು. ತಿಂಗಳೊಪ್ಪತ್ತಿನಲ್ಲಿ ಆ ಕತೆಯನ್ನು ಅವನಿಗಿಂತ ಚೆನ್ನಾಗಿ, ಅದೂ ಕನ್ನಡದಲ್ಲಿ, ಅವಳೇ ಹೇಳತೊಡಗಿದಳು. ಅವಳ ಕನ್ನಡ ಎಂದರೆ ಆ ನಾಟಕದ ಕನ್ನಡವೇ.

ಹೀಗೆ ಕತೆ ಮಾತಾಯಿತು, ಮಾತು ಆಟವಾಯಿತು. ಫ್ಯೋದೊರ್ ಎಂಬ ಹೆಸರು ನಾಲಗೆಗೆ ಹೊಂದದೆ ಪೇದ್ರು ಆಯಿತು. ಮಂಜಿನ ಬಂಡಿ ಚಕ್ಕಡಿ ಆಯಿತು. ಪೇದ್ರು ಭರಮುನೇ. ಸುಗಂಧಾ ಪೇದ್ರುನ ತಾಯಿಯೂ ಹೌದು, ರಶಿಯಾದ ರಾಣಿಯೂ ಹೌದು. ರಾಣಿಗೆ ತಂಬಾಕಿನ ಚೀಲದ ಮೇಲಂಗಿ, ರಟ್ಟಿನ ಕಿರೀಟ. ಬರೆದದ್ದು ಒಂದು ಚೀಟಿಯೂ ಇರಲಿಲ್ಲ. ಎಲ್ಲರ ಮಾತೂ ಸುಗಂಧಾಳ ತಲೆಯಲ್ಲಿ. ಯಾರಾದರೂ ತಡವರಿಸಿದರೆ ತಾಯಿಯ ವೇಷದಲ್ಲಿ ಒಲೆ ಊದುತ್ತ ಕೂತಲ್ಲಿಂದಲೇ ಮೆಲ್ಲಗೆ ಮಾತು ಎತ್ತಿ ಕೊಡುತ್ತಿದ್ದಳು. ಪೇದ್ರು ಸಾಯುವ ಭಾಗ ಮಾತ್ರ ಅವಳು ಸೇರಿಸಗೊಡಲಿಲ್ಲ. "ಆಟದಾಗರ ಅವ ಇರಲಿರಿ," ಎಂದಳು. ಹೀಗಾಗಿ ರಾಣಿ ಪೇದ್ರುನನ್ನು ಎದುರಿಗೆ ನಿಲ್ಲಿಸಿಕೊಂಡು ಮಾತಾಡುವಲ್ಲಿಗೆ ಆಟ ಮುಗಿಯುತ್ತಿತ್ತು.

ರಾಣಿಯ ಆ ಮಾತು ಸುಗಂಧಾಳದೇ. ಭರಮು ಹೇಳಿಕೊಟ್ಟದ್ದಲ್ಲ. ಮೊದಲ ಸಲ ರಂಗಕ್ಕೆ ಬಂದಾಗ ತಾನೇ ಬಾಯಿಗೆ ಬಂದಂತೆ ಆಡಿದಳು, ಮುಂದೆ ಅದೇ ನಿಂತಿತು. ಕೇರಿಯ ಹೆಣ್ಣುಮಕ್ಕಳು ಅದನ್ನು ಕೇಳಲೆಂದೇ ಬರುತ್ತಿದ್ದರು. ಕೆಲವರು ಕೇಳುತ್ತ ಕಣ್ಣೊರೆಸಿಕೊಳ್ಳುತ್ತಿದ್ದರು.

ಮೊದಲ ಆಟ ೧೯೯೧ರ ಏಪ್ರಿಲ್ ಹದಿನಾಲ್ಕಕ್ಕೆ, ಬಾಬಾಸಾಹೇಬರ ಜಯಂತಿಯ ದಿನ ಇಳಿಹೊತ್ತಿಗೆ. ಆಮೇಲೆ ಪ್ರತಿ ವರ್ಷ ಅದೇ ದಿನ. ಕೇರಿಯವರೆಲ್ಲ ಬಂದರು. ಊರೊಳಗಿನವರು ಬರಲಿಲ್ಲ. ಅಪ್ಪಾಸಾಬ ಎಂಬ ರೈತನೊಬ್ಬ ಮಾತ್ರ ಎಮ್ಮೆ ಹೊಡೆದುಕೊಂಡು ಹೊಳೆಯಿಂದ ಬರುವಾಗ ಶೆಡ್ಡಿನ ಕಿಟಕಿಯ ಹೊರಗೆ ನಿಂತು ನೋಡಿದ. ಎರಡನೆಯ ವರ್ಷವೂ ಹೊರಗೇ ನಿಂತ. ಮೂರನೆಯ ವರ್ಷ ಆಟದ ನಡುವೆ, ರಾಣಿಯ ಪತ್ರ ತರುವ ಸವಾರನ ಪಾತ್ರದವನು ಕುಡಿದು ಬಂದು ಮಾತು ಮರೆತು ನಿಂತಾಗ, ಅಪ್ಪಾಸಾಬ ಕಿಟಕಿಯಿಂದಲೇ ಆ ಮಾತು ಒದರಿದ. ಮಂದಿ ಹೋ ಎಂದು ನಕ್ಕಿತು. ತುಕಾರಾಮ ಬಾಗಿಲಿಗೆ ಬಂದು, "ಅಷ್ಟ ಬರ್ತೈತಿ ಅಂದಮ್ಯಾಲ ಒಳಗ ಬರ್ರಲಾ ಅಪ್ಪಾಸಾಬ್ರ," ಎಂದ. ಅವನು ಅತ್ತಿತ್ತ ನೋಡಿ, ಚಪ್ಪಲಿ ಬಿಟ್ಟು ಒಳಗೆ ಬಂದ. ಮುಂದಿನ ವರ್ಷದಿಂದ ಸವಾರನ ಪಾತ್ರ ಅವನದೇ. ಅದಕ್ಕಾಗಿ ಮನೆಯಲ್ಲಿ ಏನೇನು ಮಾತು ಕೇಳಿದನೋ, ಎಂದೂ ಹೇಳಲಿಲ್ಲ.

ವರ್ಷಗಳು ಉರುಳಿದವು. ತುಕಾರಾಮ ತೀರಿಕೊಂಡ. ತೊಗಲು ಸಿಗುವುದು ಕಡಿಮೆಯಾಗುತ್ತ ಬಂದು, ಗುಂಡಿಗಳು ಒಂದೊಂದಾಗಿ ಒಣಗಿದವು. ಭರಮು ಅಥಣಿಯಿಂದ ಹದ ಮಾಡಿದ ತೊಗಲನ್ನೇ ತಂದು ಚಪ್ಪಲಿ ಕಟ್ಟತೊಡಗಿದ. ಒಬ್ಬಳೇ ಮಗಳು ಪ್ರಾಜಕ್ತಾ ಬಸ್ ಕಂಡಕ್ಟರ್ ಆದಳು. ಚಿಕ್ಕಂದಿನಲ್ಲಿ ಆಟದಲ್ಲಿ ಕುಣಿದವಳೇ ಅವಳು. ಹೈಸ್ಕೂಲಿಗೆ ಹೋದ ಮೇಲೆ "ನಿಮ್ಮ ನಾಟಕದಾಗ ಮೂಗ ಮುಚ್ಚಿಕೊಂಡ ಕುಂಡ್ರಬೇಕಂತಲೇ" ಎಂದು ಗೆಳತಿಯೊಬ್ಬಳು ಅಂದಳೆಂದು ಶೆಡ್ಡಿನ ಕಡೆ ತಲೆ ಹಾಕುವುದನ್ನೇ ಬಿಟ್ಟಳು. ಭರಮು ಒತ್ತಾಯ ಮಾಡಲಿಲ್ಲ. ಆಟ ಮಾತ್ರ ಒಂದು ವರ್ಷವೂ ತಪ್ಪಲಿಲ್ಲ.

೨೦೧೬ರ ಆಟದಲ್ಲಿ ಅದು ನಡೆಯಿತು.

ರಾಣಿಯ ಮೇಲಂಗಿ ಹೊದ್ದು, ಕಿರೀಟ ಇಟ್ಟುಕೊಂಡು ಸುಗಂಧಾ ಎಂದಿನಂತೆ ಬಂದು ಕುರ್ಚಿಯಲ್ಲಿ ಕೂತಳು. ಭರಮು ಎದುರಿಗೆ ನಿಂತು ಕೈ ಮುಗಿದ. ಅವಳು ಮಾತಾಡಲಿಲ್ಲ. ಅವನ ಮುಖವನ್ನು, ಗುರುತು ಹತ್ತದವರ ಮುಖ ನೋಡುವಂತೆ ನೋಡಿದಳು. "ಹುಕುಂ ಆಗ್ಲಿ ರಾಣಿಸಾಹೇಬ್ರ," ಎಂದು ಭರಮು ಎಚ್ಚರಿಸಿದ. ಮತ್ತೊಮ್ಮೆ ಎಚ್ಚರಿಸಿದ. ಅವಳು ಮಂದಿಯ ಕಡೆ ತಿರುಗಿ, ಸಣ್ಣ ದನಿಯಲ್ಲಿ, "ಆಯಿ ಕುಠಂ ಗೇಲಿ?" ಎಂದಳು. ಅವ್ವ ಎಲ್ಲಿಗೆ ಹೋದಳು ಎಂದು ಮರಾಠಿಯಲ್ಲಿ ಕೇಳಿದ್ದು. ಮಂದಿ ಅದನ್ನೂ ಆಟವೆಂದೇ ತಿಳಿದು ನಕ್ಕಿತು. ಹಿಂದೆ ಕೂತ ತರುಣರು ಶಿಳ್ಳೆ ಹಾಕಿದರು.

ಭರಮುನಿಗೆ ಇಪ್ಪತ್ತೈದು ವರ್ಷದ ಮರ್ಯಾದೆ ಎಲ್ಲರೆದುರಿಗೆ ಮಣ್ಣುಪಾಲಾಯಿತು ಅನ್ನಿಸಿತು.

"ತಲ್ಯಾಗ ಏನ ತೌಡ ತುಂಬೈತೇನ ನಿನಗ?" ಎಂದು ಪೇದ್ರುನ ವೇಷದಲ್ಲೇ ಕಿರುಚಿದ. "ಇಷ್ಟ ವರ್ಷ ಆಡಿದ ಮಾತ ಮರ್ತಿ? ಬರೂದಿಲ್ಲಂದ್ರ ಇಳದ ಹೋಗ!"

ನಗು ಗಪ್ಪನೆ ನಿಂತಿತು. ಸುಗಂಧಾ ಕಿರೀಟ ತೆಗೆದು ಕುರ್ಚಿಯ ಮೇಲಿಟ್ಟಳು. ಸೆರಗು ಸರಿ ಮಾಡಿಕೊಂಡು, ಹಲಗೆಯ ಅಂಚಿಗೆ ಬಂದು, ಎಲ್ಲಿ ಕಾಲಿಡಬೇಕೆಂದು ತಿಳಿಯದವಳಂತೆ ಒಂದು ಗಳಿಗೆ ನಿಂತಳು. ಅಪ್ಪಾಸಾಬ ಬಂದು ಕೈ ಹಿಡಿದು ಇಳಿಸಿದ.

ಮನೆಯಲ್ಲಿ ಆ ಮಾತು ಮತ್ತೆ ಬರಲಿಲ್ಲ. ಅವಳು ಜಗಳ ತೆಗೆಯಲಿಲ್ಲ, ಇವನು ಸಮಾಧಾನ ಹೇಳಲಿಲ್ಲ. ಮುಂದಿನ ವರ್ಷ ಏಪ್ರಿಲ್ ಬಂದಾಗ ಅವಳು ಶೆಡ್ಡಿನ ಮಾತೇ ಎತ್ತಲಿಲ್ಲ. ಸಿಟ್ಟು ಇನ್ನೂ ಇಳಿದಿಲ್ಲ ಎಂದುಕೊಂಡು ಭರಮುನೂ ಬಿಗಿದುಕೊಂಡೇ ಇದ್ದ. ಆಟ ನಿಂತಿತು. ಅಷ್ಟರಲ್ಲಿ ಅವಳ ಹೆಣಿಕೆಯಲ್ಲಿ ಏಳು ಎಳೆ ಹೋಗಿ ಐದಾಯಿತು, ಮೂರಾಯಿತು. ಅಥಣಿಯ ಅಂಗಡಿಯವರು ಚಪ್ಪಲಿ ವಾಪಸು ಕಳಿಸಿದರು. ಒಂದು ದಿನ ಹಿಟ್ಟು ನಾದಿಕೊಂಡು ಕೂತವಳು ರೊಟ್ಟಿ ಬಡಿಯುವುದು ಹೇಗೆಂದು ಗಂಡನ ಮುಖ ನೋಡಿದಳು. ಆಗ ಪ್ರಾಜಕ್ತಾ ರಜೆ ಹಾಕಿ ಇಬ್ಬರನ್ನೂ ಮೀರಜಕ್ಕೆ ಕರೆದುಕೊಂಡು ಹೋದಳು.

ಡಾಕ್ಟರರು ಬಹಳ ಹೊತ್ತು ಪರೀಕ್ಷೆ ಮಾಡಿದರು. ಇದು ನೆನಪು ಅಳಿಸುವ ರೋಗ, ಈಚಿನದು ಮೊದಲು ಹೋಗುತ್ತದೆ, ಹಳೆಯದು ಕೊನೆಗೆ ಹೋಗುತ್ತದೆ, ತಿರುಗಿ ಬರುವುದಿಲ್ಲ ಎಂದು ಮೆಲ್ಲಗೆ ತಿಳಿಸಿ ಹೇಳಿದರು.

"ಯಾವಾಗಿಂದ ಹತ್ತೈತಿರಿ ಇದು?" ಎಂದು ಭರಮು ಕೇಳಿದ.

"ಮೂರು ನಾಲ್ಕು ವರ್ಷ ಆಗಿರಬೇಕು. ಮನೆಯವರಿಗೆ ತಡವಾಗಿ ಗೊತ್ತಾಗುತ್ತದೆ."

ಆಗ ೨೦೧೮. ಭರಮು ಬೆರಳು ಮಡಿಚಿ ಎಣಿಸಿದ. ತಿರುಗಿ ಬರುವ ಬಸ್ಸಿನಲ್ಲಿ, ಕಾಗವಾಡ ದಾಟಿದ ಮೇಲೆ, ಕಿಟಕಿಯ ಪಕ್ಕ ಕೂತು ಕಬ್ಬಿನ ಗದ್ದೆ ನೋಡುತ್ತಿದ್ದ ಹೆಂಡತಿಯ ಕೈ ಹಿಡಿದುಕೊಂಡ. ಮಂದಿಯ ನಡುವೆ ಅವನು ಎಂದೂ ಹಾಗೆ ಹಿಡಿದವನಲ್ಲ.

"ಅವತ್ತ ಶೆಡ್ಡಿನ್ಯಾಗ ಎಲ್ಲಾರ ಮುಂದ ನಿನಗ ಬೈದೆ ನೋಡ," ಎಂದ. "ತಪ್ಪಾತ ಸುಗಂಧಾ. ಮನಸಿನ್ಯಾಗ ಇಟ್ಕೋಬ್ಯಾಡ."

ಸುಗಂಧಾ ತಿರುಗಿ ನೋಡಿದಳು. ಅವಳಿಗೆ ನಿಜಕ್ಕೂ ಅಚ್ಚರಿಯಾಗಿತ್ತು. "ಯಾವಾಗ ಬೈದ್ರಿ?" ಎಂದಳು. "ಇಲ್ಲಬಿಡ್ರಿ. ನೀವ್ಯಾಕ ಬೈತೀರಿ ನನಗ?"

ಮುಂದಿನ ಸೀಟಿನಲ್ಲಿದ್ದ ಪ್ರಾಜಕ್ತಾ ಹಿಂತಿರುಗಲಿಲ್ಲ. ಅವಳ ಭುಜ ಅಲುಗುತ್ತಿದ್ದುದನ್ನು ಭರಮು ಕಂಡ. ಅವನ ಕಣ್ಣಲ್ಲಿ ನೀರು ಬರಲಿಲ್ಲ. ಕ್ಷಮಿಸಬೇಕಾದವಳಿಗೆ ತಪ್ಪೇ ನೆನಪಿಲ್ಲವೆಂದ ಮೇಲೆ ಆ ತಪ್ಪನ್ನು ಎಲ್ಲಿ ಇಳಿಸಬೇಕು ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ನಾಟಕ ಬರೆದಿಡಬೇಕೆಂಬುದು ಮಗಳಿಗೆ ಹೊಳೆದದ್ದು ಆ ಬಸ್ಸಿನಲ್ಲೇ. ವಾರದ ರಜೆ ಬಂದಾಗಲೆಲ್ಲ ನೂರು ಪುಟದ ನೋಟ್‌ಬುಕ್ ಹಿಡಿದು ತಾಯಿಯ ಹತ್ತಿರ ಕೂರತೊಡಗಿದಳು. "ಆಯಿ, ಪೇದ್ರು ಊರ ಬಿಟ್ಟ ಹೊಂಟಾಗ ಅವನವ್ವ ಏನಂತಾಳ?" ಎಂದು ಕೇಳುವಳು. ಕೆಲವು ದಿನ ಸುಗಂಧಾ ತಟ್ಟನೆ ಎತ್ತಿಕೊಂಡು, "ಚಳಿ ಅಂದ್ರ ಎಂಥಾ ಚಳಿ ಮಗನ. ಅರಮನ್ಯಾಗ ಬೆಂಕಿ ಕಾಸಾಕ ಬಿಡತಾರೋ ಇಲ್ಲೋ, ಕಂಬಳಿ ಒಯ್ಯಿ," ಎಂದು ಥೇಟ್ ರಂಗದ ದನಿಯಲ್ಲೇ ಹೇಳುವಳು. ಕೆಲವು ದಿನ ಪೇದ್ರು ಯಾರು ಎಂದು ಕೇಳುವಳು. ಹೇಳುತ್ತ ಹೇಳುತ್ತ ನಿಪ್ಪಾಣಿಯ ಬೀಡಿ ಹೆಂಗಸರ ಯಾವುದೋ ಕತೆಗೆ ಹೊರಳಿಬಿಡುವಳು. ರಾಣಿಯ ಮಾತು ಕೇಳಿದರೆ ಮಾತ್ರ ಒಂದು ದಿನವೂ ಬಾಯಿ ಬಿಡಲಿಲ್ಲ. ಹಾಗೆ ಕೇಳಿದಾಗಲೆಲ್ಲ ಸೆರಗು ಸರಿ ಮಾಡಿಕೊಂಡು ಎದ್ದು ಹೋಗುತ್ತಿದ್ದಳು.

ಪ್ರಾಜಕ್ತಾ ಕೇರಿಯ ಮನೆಮನೆ ತಿರುಗಿದಳು. ರಾಣಿಯ ಮಾತು ಕೇಳಿ ಅತ್ತ ಹೆಂಗಸರಿಗೆ ಅತ್ತದ್ದು ನೆನಪಿತ್ತು, ಮಾತು ನೆನಪಿರಲಿಲ್ಲ. "ಹುಟ್ಟಿದ ಮನಿ ಬಗ್ಗೆ ಏನೋ ಅಂತಿದ್ಳವಾ," ಎಂದಳು ಅಕ್ಕವ್ವ ಎಂಬ ಹಿರಿಯಳು. "ಇಲ್ಲ, ಕೈ ಬಗ್ಗೆ. ದುಡಿಯೂ ಕೈ ಬಗ್ಗೆ," ಎಂದಳು ಅವಳ ಸೊಸೆ. ಒಬ್ಬನ ಮೊಬೈಲಿನಲ್ಲಿ ೨೦೧೫ರ ಆಟದ ಮುಕ್ಕಾಲು ನಿಮಿಷದ ಚಿತ್ರ ಸಿಕ್ಕಿತು. ಮಸುಕಾದ ಬೆಳಕಲ್ಲಿ ಸುಗಂಧಾ ಕೈ ಎತ್ತಿ ಏನೋ ಹೇಳುತ್ತಿದ್ದಾಳೆ. ಹತ್ತಿರದಲ್ಲೇ ಹಲಗಿ ಬಡಿಯುತ್ತಿದ್ದುದರಿಂದ ಬೇರೇನೂ ಕೇಳುವುದಿಲ್ಲ. ಅದನ್ನು ಭರಮುನಿಗೂ ತೋರಿಸಿದಳು. ಅವನು ಮೊಬೈಲನ್ನು ಕಿವಿಗೆ ಒತ್ತಿಕೊಂಡು ಹತ್ತು ಸಲ ಕೇಳಿದ.

"ನೀ ಎದರಗ ನಿಂತಿರ್ತಿದ್ದೆಲ್ಲ ಅಪ್ಪಾ," ಎಂದಳು ಪ್ರಾಜಕ್ತಾ. "ನಿನಗರ ಹೆಂಗ ನೆನಪಿಲ್ಲ?"

"ನಿಂತಿರ್ತಿದ್ದೆ," ಎಂದ ಭರಮು. "ಆದ್ರ ಮುಂದ ಹಲಗಿ ಯಾವ ತಾಳಕ್ಕ ಎತ್ತಬೇಕು, ಮಂದಿ ಎಷ್ಟ ಕೂಡ್ಯಾರ, ಅದರಾಗ ಇರ್ತಿದ್ದೆ. ಆಕಿ ಹೇಳ್ತಾಳಂತ ಗೊತ್ತಿತ್ತಲ್ಲ."

೨೦೧೯ರ ಆಗಸ್ಟಿನಲ್ಲಿ ಕೃಷ್ಣೆ ತುಂಬಿ ಬಂದಳು. ಮಹಾರಾಷ್ಟ್ರದ ಕಡೆಯ ಮಳೆಯ ನೀರೆಲ್ಲ ಒಮ್ಮೆಗೇ ಇಳಿದು, ಒಂದೇ ದಿನದಲ್ಲಿ ಕೇರಿಯ ಹೊಸ್ತಿಲು ಮುಟ್ಟಿತು. ಅಪ್ಪಾಸಾಬ ಟ್ರ್ಯಾಕ್ಟರ್ ತಂದು, ಮೊದಲು ಸುಗಂಧಾಳನ್ನು ಎತ್ತಿ ಕೂರಿಸಿ, ಆಮೇಲೆ ಸಾಮಾನು ಹೇರಿದ. ಎತ್ತರದ ಶಾಲೆಯೊಂದರಲ್ಲಿ ಗಂಜಿಕೇಂದ್ರ ತೆರೆದಿದ್ದರು. ಒಂದು ಕೋಣೆಗೆ ಎಂಟು ಮನೆಯ ಮಂದಿ. ಹೊರಗೆ ಜಡಿಮಳೆ. ಮೂರು ದಿನ ಕಳೆಯುವಷ್ಟರಲ್ಲಿ ಅಳು, ಜಗಳ ಎಲ್ಲ ಮುಗಿದು ಮಂದಿ ಗೋಡೆ ನೋಡುತ್ತ ಕೂತುಬಿಟ್ಟರು. ನಾಲ್ಕನೆಯ ದಿನ ಮಧ್ಯಾಹ್ನ ಅಕ್ಕವ್ವ, "ಭರಮು, ನಿನ್ನ ರಶಿಯಾದ ಕತಿ ಹೇಳೋ. ಹೊತ್ತರ ಹೋಗಲಿ," ಎಂದಳು.

ಭರಮು ಬೇಡವೆಂದ. ಆದರೆ ಪಕ್ಕದಲ್ಲಿ ಕೂತ ಸುಗಂಧಾ ಅವನ ತೋಳು ಜಗ್ಗಿದಳು. "ಹೇಳ್ರಿ," ಎಂದಳು. "ನಾ ಕೇಳಿಲ್ಲ."

ಇಪ್ಪತ್ತೈದು ವರ್ಷ ಎಲ್ಲರ ಮಾತನ್ನೂ ತಲೆಯಲ್ಲಿಟ್ಟುಕೊಂಡು ಕಾದವಳು ನಾ ಕೇಳಿಲ್ಲ ಎನ್ನುತ್ತಿದ್ದಳು. ಭರಮು ಶುರು ಮಾಡಿದ. ತೊಗಲ ಕೊಟ್ಟಿಗೆ ಹೇಳಿದ, ಕೊಟ್ಟಿಗೆ ಸಾರಿಸಿದ್ದು ಹೇಳಿದ, ಹೊಳೆ ದಂಡೆಯ ಕಟ್ಟಿಗೆ ಮಂದಿರ ಹೇಳಿದ. ಸವಾರನ ಮಾತನ್ನು, ನೋಡಿ ಹೋಗಲು ಬಂದು ಮೂಲೆಯಲ್ಲಿ ಕೂತಿದ್ದ ಅಪ್ಪಾಸಾಬ ತಾನೇ ಹೇಳಿದ. ಸುಗಂಧಾ ಗಲ್ಲಕ್ಕೆ ಕೈ ಹಚ್ಚಿ, ಹೊಸದಾಗಿ ಕತೆ ಕೇಳುವವರಂತೆ ಹೂಂ, ಹೂಂ ಎನ್ನುತ್ತಿದ್ದಳು. ಪೇದ್ರು ಚಕ್ಕಡಿ ಹತ್ತಿದಾಗ ಅವಳ ಕಣ್ಣು ತುಂಬಿದವು. ರಾಣಿಯ ಎದುರಿಗೆ ಪೇದ್ರುನನ್ನು ತಂದು ನಿಲ್ಲಿಸಿ, "ರಾಣಿಗೆ ಖುಷಿಯಾತು. ಅಲ್ಲಿಗೆ ಮುಗೀತ," ಎಂದ ಭರಮು.

"ಮುಗೀತ?" ಎಂದಳು ಸುಗಂಧಾ. "ರಾಣಿ ಏನಂದ್ಳು?"

ಭರಮು ಅಪ್ಪಾಸಾಬನ ಮುಖ ನೋಡಿದ. ಅಪ್ಪಾಸಾಬ ನೆಲ ನೋಡಿದ. ಕೊನೆಗೆ ಭರಮು, "ರಾಣಿ ಅಂದ್ಳು, ಭಲೇ ಪೇದ್ರು, ನಿನ್ನಂಥವ ನಮ್ಮ ರಾಜ್ಯದಾಗ ಇನ್ನೊಬ್ಬ ಇಲ್ಲ," ಎಂದು ಕೈಯಿಂದ ಹಾಕಿ ಹೇಳಿದ.

"ಊಂಹೂಂ." ಸುಗಂಧಾ ತಲೆ ಅಲ್ಲಾಡಿಸಿದಳು. "ರಾಣಿ ಹಂಗ ಮಾತಾಡೂದಿಲ್ಲ."

"ಮತ್ತ ಹೆಂಗ ಮಾತಾಡತಾಳ?" ಭರಮು ಅವಳ ಎದುರಿಗೆ ಸರಿದು ಕೂತ. "ಹೇಳ ನೋಡೂಣು. ಹೆಂಗ ಮಾತಾಡತಾಳ?"

ಅವಳು ಬೆನ್ನು ನೆಟ್ಟಗೆ ಮಾಡಿದಳು. ಬಾಯಿ ತೆರೆದಳು. ಬಲಗೈ ಸ್ವಲ್ಪ ಮೇಲೆದ್ದಿತು. ಅದೇ ಹೊತ್ತಿಗೆ ಹೊರಗೆ ಯಾರೋ ಊಟಕ್ಕೆಂದು ತಾಟು ಬಡಿದರು. ಸುಗಂಧಾ ಆ ಸಪ್ಪಳದ ಕಡೆ ತಿರುಗಿ, ಎತ್ತಿದ ಕೈಯನ್ನು ಹಾಗೇ ತಾಟಿಗೆ ಚಾಚಿದಳು.

ನೀರು ಇಳಿಯಲು ಹನ್ನೆರಡು ದಿನ ಹಿಡಿಯಿತು. ಭರಮು ಮನೆಗಿಂತ ಮೊದಲು ಶೆಡ್ಡಿನ ಕಡೆ ಹೋದ. ಗೋಡೆಗಳು ಕರಗಿಹೋಗಿದ್ದವು. ತಗಡು ಎಲ್ಲಿ ತೇಲಿ ಹೋದವೋ. ಅಪ್ಪ ತೋಡಿದ ಗುಂಡಿಗಳ ಮೇಲೆ ಮೊಣಕಾಲುದ್ದ ರಾಡಿ ಕೂತು, ರಂಗ ಎಲ್ಲಿತ್ತು, ಮಂದಿ ಎಲ್ಲಿ ಕೂರುತ್ತಿದ್ದರು ಎಂಬುದೇ ತಿಳಿಯದಂತಾಗಿತ್ತು. ಕೋಲಿನಿಂದ ಅಲ್ಲಲ್ಲಿ ಚುಚ್ಚಿ ನೋಡಿದ. ಒಂದು ಕಡೆ ಕೋಲು ಆಳಕ್ಕಿಳಿಯಿತು. ಅಲ್ಲಿ ಒಂದು ಗುಂಡಿ ಎಂದುಕೊಂಡ. ಆಮೇಲೆ ಇನ್ನೊಂದು ಕಡೆಯೂ ಹಾಗೇ ಇಳಿಯಿತು. ಎಣಿಸುವುದು ಬಿಟ್ಟು ತಿರುಗಿ ಬಂದ.

ಕೇರಿಗೆ ಎತ್ತರದಲ್ಲಿ ಹೊಸ ಜಾಗ ಸಿಕ್ಕಿ ಕಾಲನಿ ಎದ್ದಿತು. ನೆರೆ ಇಳಿದ ಮೇಲೆ ಸುಗಂಧಾ ಒಂದೂವರೆ ವರ್ಷ ಬದುಕಿದಳು. ಬರಬರುತ್ತ ಕನ್ನಡವೆಲ್ಲ ಹೋಯಿತು. ಮರಾಠಿಯೊಂದೇ ಉಳಿಯಿತು, ಅದೂ ಸಣ್ಣ ಹುಡುಗಿಯ ಮರಾಠಿ. ಭರಮುನನ್ನು ಮಾಮಾ ಎನ್ನುತ್ತಿದ್ದಳು. ನಿಪ್ಪಾಣಿಯಲ್ಲಿ ತಾಯಿಯ ಅಣ್ಣನೊಬ್ಬನಿದ್ದ, ಅವನೆಂದೇ ತಿಳಿದಿದ್ದಳು. ಭರಮು ಮಾಮಾ ಆಗಿಯೇ ಅವಳಿಗೆ ಉಣಿಸಿದ, ತಲೆ ಬಾಚಿದ, ಮನೆಗೆ ಹೋಗೋಣ ಎಂದಾಗ ಚಪ್ಪಲಿ ಮೆಟ್ಟಿಸಿ ಕಾಲನಿಯ ಸುತ್ತ ಒಂದು ಸುತ್ತು ಹಾಕಿಸಿಕೊಂಡು ಬಂದ. ೨೦೨೧ರ ಜನವರಿಯಲ್ಲಿ ಕಫ ಕಟ್ಟಿ, ನಾಲ್ಕು ದಿನ ಜ್ವರ ಬಂದು, ಮಟಮಟ ಮಧ್ಯಾಹ್ನ ಮಗಳ ತೊಡೆಯ ಮೇಲೆ ಪ್ರಾಣ ಬಿಟ್ಟಳು. ಮಣ್ಣಿಗೆ ಇಟ್ಟು ಬಂದ ಮೇಲೆ ಅಪ್ಪಾಸಾಬ ಜಗಲಿಯ ಮೇಲೆ ಭರಮುನ ಪಕ್ಕದಲ್ಲಿ ಹೊತ್ತು ಮುಳುಗುವವರೆಗೆ ಕೂತು ಎದ್ದು ಹೋದ.

ಅದಾಗಿ ಎರಡು ವರ್ಷದ ಮೇಲೆ ಪ್ರಾಜಕ್ತಾ ಆ ನೋಟ್‌ಬುಕ್ ಮತ್ತೆ ತೆರೆದಳು. ಜಯಂತಿಗೆ ಕಾಲನಿಯ ತರುಣರು ಆಟ ಆಡುತ್ತೇವೆ, ಬರೆದುಕೊಡಿ ಎಂದು ಕೇಳಿದ್ದರು. ಭರಮು ಈಗ ಅಥಣಿಯಲ್ಲಿ ಮಗಳ ಮನೆಯಲ್ಲೇ ಇರುತ್ತಿದ್ದ. ಅವಳ ರಜೆಯ ದಿನಗಳಲ್ಲಿ ಅಪ್ಪ ಹೇಳುವುದು, ಮಗಳು ಬರೆಯುವುದು. ಪೇದ್ರುನ ಮಾತು ಬರೆದಾಯಿತು. ತಾಯಿಯದು ಅರ್ಧಕ್ಕಿಂತ ಹೆಚ್ಚು ಸಿಕ್ಕಿತು. ಸವಾರನದು ಅಪ್ಪಾಸಾಬ ಫೋನಿನಲ್ಲಿ ಹೇಳಿದ. ಅವನಿಗೂ ವಯಸ್ಸಾಗಿ ನಡುವೆ ಎರಡು ಸಾಲು ಜಾರಿದ್ದವು. ಮೂವತ್ತು ಪುಟದ ಹತ್ತಿರ ಬಂದು ರಾಣಿಯ ಎದುರಿಗೆ ನಿಂತರು.

ಭರಮು ಎಂಟು ದಿನ ತೆಗೆದುಕೊಂಡ. ಚಪ್ಪಲಿ ಹೊಲಿಯುತ್ತ ತುಟಿ ಅಲ್ಲಾಡಿಸುವನು. ಉಣ್ಣುವಾಗ ತುತ್ತು ಕೈಯಲ್ಲಿ ಹಿಡಿದು ಹಾಗೇ ಕೂರುವನು. ಹುಟ್ಟಿದ ಮನೆ ಎಂದು ಒಂದು ಕಟ್ಟಿ ನೋಡಿದ, ದುಡಿಯುವ ಕೈ ಎಂದು ಇನ್ನೊಂದು ಕಟ್ಟಿ ನೋಡಿದ. ಯಾವುದು ಹೇಳಿಕೊಂಡರೂ, ಗಂಜಿಕೇಂದ್ರದಲ್ಲಿ ತಲೆ ಅಲ್ಲಾಡಿಸಿದ ಹೆಂಡತಿಯ ಮುಖವೇ ಎದುರಿಗೆ ಬರುತ್ತಿತ್ತು.

"ಏನ ಬರೀಲಿ ಅಪ್ಪಾ?" ಎಂದು ಒಂಬತ್ತನೆಯ ದಿನ ಮಗಳು ಕೇಳಿದಳು. "ಮಂದಿ ತಾಲೀಮಿಗೆ ಕಾಯಾಕತ್ತಾರ. ನಾನೇ ಏನರ ಹಾಕ್ಲಿ?"

"ಬ್ಯಾಡ."

"ಮತ್ತ?"

ಭರಮು ನೋಟ್‌ಬುಕ್ಕಿನ ಮೇಲೆ ಬೆರಳಿಟ್ಟು, "ಇಲ್ಲಿ ಸುಗಂಧಾ ಮಾತಾಡತಾಳ ಅಂತ ಬರಿ," ಎಂದ.

ಪ್ರಾಜಕ್ತಾ ಹಾಗೇ ಬರೆದಳು. ಬರೆದು, ಅದರ ಕೆಳಗೆ ನಾಲ್ಕು ಬೆರಳು ಜಾಗ ಬಿಟ್ಟಳು.